ಪನಾಹ್ ಕೇಳಿ ಬಂದವರು

ಉರ್ದು ಶಾಲೆಯಲ್ಲಿ ನಾವು ಕಲಿತ ಪದ ‘ಪನಾಹ್‌ಗುಜೀನ್’. ಆಶ್ರಯ ಪಡೆದವನು ಎಂದರ್ಥ. ಕನ್ನಡ ಶಾಲೆಗೆ ಬಂದಾಗ ಅದೇ ಮನುಷ್ಯ ‘ನಿರಾಶ್ರಿತ’ನಾದ, ಆಶ್ರಯವೇ ಇಲ್ಲದವನು. ಯಾವುದು ಸರಿ ಎಂದು ನಮ್ಮ ಕಾನೂನನ್ನು ಕೇಳಿದರೆ ಅದು ಎರಡನ್ನೂ ಹೇಳದು. ಅದರ ಬಾಯಲ್ಲಿರುವುದು ‘ವಿದೇಶಿ’ ಎಂಬ ಪದ ಮಾತ್ರ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯಕ್ಕೆಂದೇ ಒಂದು ಕಾಯ್ದೆಯನ್ನೂ ಮಾಡಿಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದರೂ ಈ ಕೊರತೆ ನೀಗಲಿಲ್ಲ.

ಹಾಗೆಂದು ದೇಶ ಬಾಗಿಲು ಮುಚ್ಚಿತೆನ್ನಲಾಗದು. 1959ರಲ್ಲಿ ದಲಾಯಿ ಲಾಮಾ ಬಂದರು. ಹಿಂದೆಯೇ ಬಂದ ಟಿಬೆಟಿಯನ್ನರಿಗೆ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು ಅವರು ಮುಸುಕಿನ ಜೋಳ ಬೆಳೆದರು. 1966ರಲ್ಲಿ ಮುಂಡಗೋಡದಲ್ಲೂ ನೆಲೆ ಸಿಕ್ಕಿತು. ಇದು ಹೆಮ್ಮೆಪಡಬೇಕಾದ ಕೆಲಸವೇ. ಆದರೆ ಕೊಟ್ಟದ್ದು ಔದಾರ್ಯ, ಹಕ್ಕಲ್ಲ.

ಒಂದು ಚಳಿಗಾಲ ತುಮಕೂರಿನಲ್ಲಿ ಸ್ವೆಟರ್ ಮಾರುತ್ತಿದ್ದ ಹೆಣ್ಣುಮಗಳೊಬ್ಬಳನ್ನು “ಯಾವೂರಮ್ಮ?” ಎಂದು ಕೇಳಿದೆವು. “ಬೈಲುಕುಪ್ಪೆ ಅಣ್ಣ, ಹುಟ್ಟಿದ್ದೂ ಅಲ್ಲೇ.” ಅವಳ ಕನ್ನಡ ನಮ್ಮ ಮೊಹಲ್ಲಾದ ಎಷ್ಟೋ ಜನರ ಕನ್ನಡಕ್ಕಿಂತ ಚೆನ್ನಾಗಿತ್ತು. “ನಮ್ಮಕ್ಕ ಇಂಡಿಯನ್ನು, ನಾನಲ್ಲ” ಎಂದು ನಕ್ಕಳು. ತಮಾಷೆ ಎಂದುಕೊಂಡೆವು. ತಮಾಷೆಯಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. 2010ರಲ್ಲಿ ದೆಹಲಿ ಹೈಕೋರ್ಟ್ ಟಿಬೆಟಿಯನ್ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. ಆಮೇಲೆ ಹುಟ್ಟಿದ ತಂಗಿಗೆ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು.

ನಮ್ಮ ಮಧುಗಿರಿಯಿಂದ ಪಾವಗಡದ ಬಸ್ಸು ನಡುವೆ ಆಂಧ್ರದ ನೆಲ ತುಳಿದೇ ಹೋಗುತ್ತದೆ. ಕಂಡಕ್ಟರ್ ಟಿಕೆಟ್ ಕೇಳುತ್ತಾನೆ, ಅಷ್ಟೆ. ಎಲ್ಲೆ ದಾಟಿದ್ದು ಕಿಟಕಿ ಪಕ್ಕ ಕೂತವರಿಗೂ ಗೊತ್ತಾಗುವುದಿಲ್ಲ. ಗೆರೆಯ ಭಾರ ಹೊತ್ತವರಿಗೇ ಗೊತ್ತು.

2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರಲ್ಲಿ ನಿಯಮಗಳು ಬಂದವು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರಿಗೆ ದಾರಿ ತೆರೆಯಿತು. ಸಿಂಧನೂರಿನ ಕ್ಯಾಂಪುಗಳಲ್ಲಿ ದಶಕಗಳಿಂದ ಕಾದಿದ್ದ ಬಂಗಾಳಿ ಕುಟುಂಬಗಳಿಗೆ ಅದರಿಂದ ಒಳಿತಾದರೆ ನಮಗೆ ಸಂತೋಷವೇ. ಮುಸ್ಲಿಮರ ಹೆಸರಿಲ್ಲವೆಂದು ನಮ್ಮವರು ನೊಂದದ್ದೂ ನ್ಯಾಯವೇ. ಆದರೆ ಪಟ್ಟಿಯಲ್ಲಿ ಬೌದ್ಧರಿದ್ದಾರೆ, ಬೈಲುಕುಪ್ಪೆಯ ಬೌದ್ಧರಿಲ್ಲ. ಹಿಂದೂಗಳಿದ್ದಾರೆ, ಲಂಕೆಯಿಂದ ಓಡಿಬಂದ ತಮಿಳು ಹಿಂದೂಗಳಿಲ್ಲ. ಧರ್ಮ ಸರಿಹೊಂದಿದರೆ ಸಾಲದು, ಅಟ್ಟಿದ ದೇಶವೂ ಸರಿಹೊಂದಬೇಕು.

ಮ್ಯಾನ್ಮಾರಿನ ರೋಹಿಂಗ್ಯರಿಗೆ ಎರಡೂ ಹೊಂದಲಿಲ್ಲ. ಅವರಲ್ಲಿ ಹಲವರ ಜೇಬಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡಿದೆ. ಅದರಲ್ಲಿ ‘ನಿರಾಶ್ರಿತ’ ಎಂದೇ ಬರೆದಿದೆ. ತಡೆದು ಕೇಳುವ ಪೊಲೀಸನ ಕಾನೂನಿನಲ್ಲಿ ಆ ಪದವಿಲ್ಲ.