ಹಳೆ ಮದ್ರಾಸು ರಸ್ತೆಯ ಮೋಟುಬಾಲದ ಕಾರುಗಳು

ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹೊರಟವರು ಹಳೆ ಮದ್ರಾಸು ರಸ್ತೆಯ ಯಾವುದಾದರೂ ಸಿಗ್ನಲ್ಲಿನಲ್ಲಿ ಮುಂದಿನ ಕಾರುಗಳನ್ನು ಸ್ವಲ್ಪ ಗಮನಿಸಬೇಕು. ಡಿಕ್ಕಿಯಿರುವ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಬಾಲ ಮೋಟು. ಮೂತಿ, ಬಾಗಿಲು ಎಲ್ಲವೂ ಲಕ್ಷಣವಾಗಿದ್ದು, ಹಿಂಭಾಗವನ್ನು ಮಾತ್ರ ಯಾರೋ ಅಳತೆ ಹಿಡಿದು ಕತ್ತರಿಸಿದಂತೆ ಕಾಣುತ್ತದೆ. ಇದು ಕಣ್ಣಿನ ಭ್ರಮೆಯಲ್ಲ. ಅಳತೆ ಹಿಡಿದೇ ಕತ್ತರಿಸಿದ್ದು!

ಒಂದೇ ವಿನ್ಯಾಸದ ಕಾರನ್ನು ಜಗತ್ತಿನಲ್ಲೆಲ್ಲ ಮಾರಬೇಕೆಂಬುದು ದೊಡ್ಡ ಕಂಪೆನಿಗಳ ಆಸೆ. ಅಚ್ಚು ಒಂದೇ ಆದರೆ ಖರ್ಚು ಕಡಿಮೆ. ಆದರೆ ದೇಶದಿಂದ ದೇಶಕ್ಕೆ ರಸ್ತೆ ಬೇರೆ, ತೆರಿಗೆ ಬೇರೆ, ಜನರ ಅಭಿರುಚಿ ಬೇರೆ. ಅಮೆರಿಕದಲ್ಲಿ ಚಿಕ್ಕ ಕಾರುಗಳ ಸಾಲಿಗೆ ಸೇರುವ ಟೊಯೊಟಾ ಕೊರೊಲಾ ಸುಮಾರು 4.6 ಮೀಟರು ಉದ್ದ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಓಣಿಗಳಿಗೆ ಅದೇ ಕಾರು ಬಂದರೆ ಐರಾವತ. ಯೂರೋಪಿನವರು ಡಿಕ್ಕಿಯಿಲ್ಲದ ಹ್ಯಾಚ್‌ಬ್ಯಾಕನ್ನು ಮೆಚ್ಚುತ್ತಾರೆ. ಇಲ್ಲಿ ಡಿಕ್ಕಿಯಿದ್ದರೇ ಮರ್ಯಾದೆ.

ಬೆಂಗಳೂರಿನ ಈ ಪೂರ್ವಭಾಗ ಕಾರುಗಳಿಗೆ ಒಂದು ಪರೀಕ್ಷಾ ಕೇಂದ್ರವಿದ್ದಂತೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ನೆಲೆಗೊಳಿಸಿದ ದಂಡು ಪ್ರದೇಶದಲ್ಲಿ ರಸ್ತೆಗಳು ಅಗಲ. ಅಲ್ಲಿಂದ ಕೂಗಳತೆಯ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಸುತ್ತ, ಕಾರು ತಿರುಗಿಸುವುದೇ ಸಾಹಸ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಹಾಯಾಗಿ ಬಂದವರು ಕ್ರಾಸಿಗೆ ಹೊರಳಿದರೆ ಸಾಲುಸಾಲು ಹಂಪುಗಳು. ಕೃಷ್ಣರಾಜಪುರದಲ್ಲಿ 2003ರಲ್ಲಿ ತೆರೆದ ತೂಗುಸೇತುವೆಯ ಬಳಿ ಕ್ಲಚ್ಚು ತುಳಿದು ತುಳಿದು ಕಾಲು ಸೋಲುತ್ತದೆ.

ಇನ್ನು ಬಾಲ ಮೋಟಾದ ಕತೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಲಾಯಿತು. ಉದ್ದ ನಾಲ್ಕು ಮೀಟರು ಮೀರಬಾರದು, ಎಂಜಿನ್ನು ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲ್ಲಿನದಾದರೆ 1500 ಸಿಸಿ ದಾಟಬಾರದು ಎಂಬುದು ಷರತ್ತು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಈ ಅಳತೆಯೊಳಗೆ ಡಿಕ್ಕಿ ತೂರಿಸಿತು. ಅದೇ ವರ್ಷ 4160 ಮಿ.ಮೀ. ಉದ್ದವಿದ್ದ ಮಾರುತಿ ಡಿಜೈರ್, 2012ರಲ್ಲಿ 3995 ಮಿ.ಮೀ.ಗೆ ಕುಗ್ಗಿತು. ಹದಿನಾರೂವರೆ ಸೆಂಟಿಮೀಟರು ಕತ್ತರಿಸಿದ್ದಕ್ಕೆ ಬೆಲೆಯಲ್ಲಿ ಲಾಭ. ಸುಂಕ ಹೋಗಿ ಜಿಎಸ್‌ಟಿ ಬಂದರೂ ನಾಲ್ಕು ಮೀಟರಿನ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಶೇ. 18, ಹೊರಗಿನದಕ್ಕೆ ಶೇ. 40.

ಗೆರೆಗೆ ಬಗ್ಗದ ಕಾರೂ ಒಂದಿತ್ತು. ಅದು ಬೆಂಗಳೂರಿನ ಇನ್ನೊಂದು ದಿಕ್ಕಿನಲ್ಲಿ, ಬಿಡದಿಯಲ್ಲಿ ತಯಾರಾದ ಟೊಯೊಟಾ ಇಟಿಯೋಸ್. 2010ರ ಡಿಸೆಂಬರಿನಲ್ಲಿ ಬಂದ ಇದರ ಉದ್ದ 4265 ಮಿ.ಮೀ. ತೆರಿಗೆ ಹೆಚ್ಚಾದರೂ ಡಿಕ್ಕಿ 595 ಲೀಟರು. ವಿಮಾನ ನಿಲ್ದಾಣಕ್ಕೆ ಸೂಟ್‌ಕೇಸು ಹೊರುವ ಟ್ಯಾಕ್ಸಿಯವರು ಇದನ್ನು ಒಪ್ಪಿಕೊಂಡರು. ದಕ್ಷಿಣ ಆಫ್ರಿಕಕ್ಕೂ ರಫ್ತಾದ ಈ ಕಾರಿನ ತಯಾರಿಕೆ ಇಲ್ಲಿ 2020ರಲ್ಲಿ ನಿಂತಿತು.

ಹಂಪಿನ ಲೆಕ್ಕವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಹಂಪು 3.7 ಮೀಟರು ಅಗಲ, 10 ಸೆಂ.ಮೀ. ಎತ್ತರ, 17 ಮೀಟರು ತ್ರಿಜ್ಯದ ಕಮಾನಾಗಿರಬೇಕು. ಡಿಜೈರಿನ ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ 2.45 ಮೀಟರು. ಇದರ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ: ಸುಮಾರು 4.4 ಸೆಂ.ಮೀ. ನಾಲ್ಕೂ ಗಾಲಿ ಹಂಪಿನ ಮೇಲಿದ್ದಾಗ ಕಾರಿನ ಹೊಟ್ಟೆಯ ಕಡೆಗೆ ಹಂಪು ಉಬ್ಬುವುದು ಇಷ್ಟೇ. ಕಾರಿನ ತಳ ನೆಲದಿಂದ 16.3 ಸೆಂ.ಮೀ. ಮೇಲಿರುವುದರಿಂದ ಚಿಂತೆಯಿಲ್ಲ. ಆದರೆ ಕ್ರಾಸುಗಳಲ್ಲಿ ಬೀದಿಯವರೇ ಹಾಕಿಸಿದ 15 ಸೆಂ.ಮೀ. ಎತ್ತರದ ಕಿರಿದಾದ ದಿಣ್ಣೆ ಗಾಲಿಗಳ ನಡುವೆ ಬಂದರೆ? ಉಳಿಯುವುದು 1.3 ಸೆಂ.ಮೀ. ಐದು ಜನ ಕೂತರೆ ಸ್ಪ್ರಿಂಗು ಅದಕ್ಕಿಂತ ಹೆಚ್ಚು ಕುಗ್ಗುತ್ತದೆ, ತಳ ಕೆರೆಯುತ್ತದೆ. ಹೊರದೇಶದ ಕಾರನ್ನು ಇಲ್ಲಿ ಮಾರುವ ಮುನ್ನ ತುಸು ಎತ್ತರಿಸುವುದು ಇದಕ್ಕಾಗಿ.

ಎತ್ತರಿಸುವುದು ಸರಿ, ಮೊಟಕು ಮಾಡುವುದೂ ಸರಿ. ಕಿತ್ತುಹಾಕುವುದು? 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಕೆಲವು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಗುದ್ದಿಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಫೋಕ್ಸ್‌ವ್ಯಾಗನ್ ಪೋಲೊಗೆ ಸೊನ್ನೆ ತಾರೆ. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊಗೆ ನಾಲ್ಕು! ಆ ವೇಗದ ಪೆಟ್ಟೆಂದರೆ ಸುಮಾರು 16 ಮೀಟರು ಎತ್ತರದಿಂದ, ಅಂದರೆ ಐದು ಮಹಡಿ ಮೇಲಿನಿಂದ ಬಿದ್ದಷ್ಟು. ಕಂಪೆನಿ ಆಮೇಲೆ ಎಲ್ಲ ಪೋಲೊಗಳಿಗೂ ಏರ್‌ಬ್ಯಾಗ್ ಹಾಕಿತು. ಇಂಥ ಪರೀಕ್ಷೆಗಳ ನಂತರ ಕಾಯಿದೆಯೂ ಬಿಗಿಯಾಯಿತು. 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ಭಾರತದ್ದೇ ತಾರಾ ಪರೀಕ್ಷೆ ಆರಂಭವಾಯಿತು. 2024ರಲ್ಲಿ ಹೊಸ ಡಿಜೈರ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ತಾರೆ ಗಳಿಸಿತು. ನಾಲ್ಕು ಮೀಟರಿನೊಳಗೂ ಗಟ್ಟಿ ಕಾರು ಮಾಡಬಹುದು ಎಂದಾಯಿತು.

ಷೋರೂಮಿಗೆ ಹೋದ ಅಪ್ಪಂದಿರು ಮೊದಲು ಕೇಳುವುದು ಮೈಲೇಜು. ಅಮ್ಮಂದಿರು ಡಿಕ್ಕಿ ತೆಗೆಸಿ ನೋಡುತ್ತಾರೆ. ಎರಡೂ ಬೇಕಾದ ಪ್ರಶ್ನೆಗಳೇ. ಈ ಕಾರಿಗೆ ಎಷ್ಟು ತಾರೆ, ಹಿಂದಿನ ಸೀಟಿನ ನಡುವೆ ಕೂರುವವರಿಗೂ ಮೂರು ಬಿಂದುವಿನ ಬೆಲ್ಟು ಇದೆಯೇ ಎಂಬ ಪ್ರಶ್ನೆಗಳನ್ನು ಜೊತೆಗಿರುವ ಮಕ್ಕಳು ಕೇಳಲಿ. ಆ ಸೀಟಿನಲ್ಲಿ ಕೂರುವವರು ಅವರೇ ತಾನೆ?