ಳಕಾರವು ಕಾಲಾದ ಕಥೆ

ಊಟದ ಎಲೆಯಲ್ಲಿ ಉಪ್ಪು ಹೇಗೋ ಪುಸ್ತಕದ ಪುಟದಲ್ಲಿ ಅಕ್ಷರದ ರೂಪವೂ ಹಾಗೆ. ಹದವಾಗಿದ್ದರೆ ಅದರ ನೆನಪು ಯಾರಿಗೂ ಬರುವುದಿಲ್ಲ. ಹದ ತಪ್ಪಿದಾಗ ಮಾತ್ರ ಎಲ್ಲರೂ ಅದನ್ನೇ ಕುರಿತು ಮಾತನಾಡುತ್ತಾರೆ. ಧಾರಾವಾಹಿಯ ನಾಯಕಿ ಕಣ್ಣೀರಿಡುವಾಗ ಆ ಕಣ್ಣೀರು ಯಾವ ಮೊಳೆಯಲ್ಲಿ ಅಚ್ಚಾಗಿದೆಯೆಂದು ಪರೀಕ್ಷಿಸುವ ವಾಚಕಿ ಇನ್ನೂ ಹುಟ್ಟಿಲ್ಲ. ಹೀಗೆ ದಿನವಿಡೀ ಕಣ್ಣಿಗೆ ಬಿದ್ದೂ ಕಾಣದೆ ಉಳಿದ ಅಕ್ಷರರೂಪಗಳಲ್ಲಿ, ಗಣಕಯಂತ್ರವು ಕರ್ನಾಟಕದ ಕಚೇರಿಗಳನ್ನು ಹೊಕ್ಕ ಮೇಲೆ, ಅಗ್ರಪೂಜೆ ಸಲ್ಲಬೇಕಾದುದು 'ನುಡಿ'ಗೆ.

ಬಳ್ಳಾರಿಯ ಸೀಮೆಯನ್ನೇ ತೆಗೆದುಕೊಳ್ಳಬಹುದು. ಕೊಳಗಲ್ಲಿನ ಗೃಹಸ್ಥರೊಬ್ಬರು ಮಗಳ ಲಗ್ನಪತ್ರಿಕೆಗಾಗಿ ಬಳ್ಳಾರಿಯ ಅಚ್ಚುಕೂಟಕ್ಕೆ ಬಂದರೆಂದು ಇಟ್ಟುಕೊಳ್ಳಿ. ಗಣಪತಿಯ ಚಿತ್ರವನ್ನು ಆರಿಸಲು ಅರ್ಧ ಗಂಟೆ, ಕಾಗದದ ಬಣ್ಣಕ್ಕೆ ಇನ್ನರ್ಧ ಗಂಟೆ, ಬಂಧುಗಳಲ್ಲಿ ಯಾರ ಹೆಸರು ಮೊದಲು, ಯಾರದು ಅನಂತರ ಎಂಬ ವ್ಯಾಜ್ಯಕ್ಕೆ ಒಂದು ಸಂಜೆ ಹಿಡಿಯುತ್ತದೆ. ಅಕ್ಷರ ಯಾವುದಿರಬೇಕೆಂಬ ಪ್ರಶ್ನೆಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಯಂತ್ರದ ಮುಂದೆ ಕುಳಿತ ಹುಡುಗನ ಬೆರಳು ತಾನಾಗಿಯೇ 'ನುಡಿ ಸೊನ್ನೆ ಒಂದು' ಎಂಬ ಹೆಸರಿನ ಮೇಲೆ ಬೀಳುತ್ತದೆ. ಪಂಚಾಯಿತಿಯ ಪ್ರಕಟನೆ, ಶಾಲೆಯ ಪ್ರಶ್ನಪತ್ರಿಕೆ, ಬತ್ತದ ಮಂಡಿಯ ರಸೀದಿ, ಕಡೆಗೆ ವೈಕುಂಠ ಸಮಾರಾಧನೆಯ ಕಾಗದ, ಇವೆಲ್ಲವೂ ಬಹುಮಟ್ಟಿಗೆ ಅದೇ ಅಕ್ಷರದಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಹುಟ್ಟಿನಿಂದ ಉತ್ತರಕ್ರಿಯೆಯವರೆಗೆ ಒಂದೇ ಮುಖ!

ಇಷ್ಟು ಜನಪ್ರಿಯವಾದ ವಸ್ತುವಿಗೆ ಟೀಕಾಕಾರರು ಇಲ್ಲದಿರುವುದು ಹೇಗೆ? ಅವರ ಮೊದಲನೆಯ ದೂರು ಏಕರೂಪತೆಯದು. ಮದುವೆಗೂ ಜಪ್ತಿಯ ನೋಟೀಸಿಗೂ ಒಂದೇ ಅಕ್ಷರವಾದರೆ ಸಂತೋಷಕ್ಕೂ ಸಂಕಟಕ್ಕೂ ವ್ಯತ್ಯಾಸವೇನು ಉಳಿಯಿತು ಎಂದು ಅವರು ಕೇಳುತ್ತಾರೆ. ಸಾಲುಗಳನ್ನು ಒತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದೆಂಬ ದೂರೂ ಉಂಟು. ಆದರೆ ಇದು ಕನ್ನಡಕ್ಕೇ ಬಂದ ವಿಶೇಷ ಕಷ್ಟವಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿಯ ಅಚ್ಚುಮೊಳೆಯ ಕಾರ್ಖಾನೆಯೊಂದರಿಂದ ೧೯೫೭ರಲ್ಲಿ ಹೊರಟ 'ಹೆಲ್ವೆಟಿಕಾ' ಎಂಬ ಲ್ಯಾಟಿನ್ ಅಕ್ಷರವು ವಿಮಾನ ನಿಲ್ದಾಣದಿಂದ ಔಷಧಿಯ ಡಬ್ಬಿಯವರೆಗೆ ವ್ಯಾಪಿಸಿ, ಅತಿಪರಿಚಯದಿಂದಲೇ ಅವಜ್ಞೆಗೆ ಗುರಿಯಾಯಿತು. ೧೯೯೪ರಲ್ಲಿ ವಿನ್ಸೆಂಟ್ ಕಾನ್ನೇರ್ ಅವರು ಮೈಕ್ರೋಸಾಫ್ಟ್ ಸಂಸ್ಥೆಗಾಗಿ ರಚಿಸಿದ 'ಕಾಮಿಕ್ ಸ್ಯಾನ್ಸ್' ಎಂಬ ತುಂಟ ಅಕ್ಷರವನ್ನು ನಿಷೇಧಿಸಬೇಕೆಂದು ಚಳವಳಿಯೇ ಹುಟ್ಟಿತು. ಎಲ್ಲರ ಮನೆಗೂ ಹೋಗುವ ನೆಂಟನಿಗೆ ಎಲ್ಲರ ಮನೆಯಲ್ಲೂ ಮರ್ಯಾದೆ ಸಿಕ್ಕುವುದಿಲ್ಲ.

ಬಳ್ಳಾರಿಯಲ್ಲಿ ಈ ದೂರಿಗೆ ಮತ್ತೊಂದು ಬಣ್ಣವುಂಟು. ೧೯೫೩ರ ಅಕ್ಟೋಬರ್ ೧ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದು ಬಳಿಕ ಮೈಸೂರಿಗೆ ಬಂದ ಈ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಅಂಗಡಿಯ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬದುಕುತ್ತವೆ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ಅನೇಕ ಅಕ್ಷರಗಳಲ್ಲಿ ಅವುಗಳನ್ನು ಬೇರ್ಪಡಿಸುವುದು ತಲೆಕಟ್ಟೊಂದೇ. ಕನ್ನಡದ ತಲೆಕಟ್ಟು ಬಲಗಡೆಗೆ ಚಾಚಿ ಬಾಗುತ್ತದೆ. ತೆಲುಗಿನದು ಉಪಾಧ್ಯಾಯರು ಹಾಕುವ ಸರಿಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕುಂಚ ಹಿಡಿದು ಹಲಗೆ ಬರೆಯುವವನು ಈ ಎರಡು ತಲೆಕಟ್ಟುಗಳ ನಡುವೆ ತನ್ನದೇ ಆದ ಕೈವಾಡವನ್ನು ತೋರಬಲ್ಲವನಾಗಿದ್ದ. ಬಟ್ಟೆಯಂಗಡಿಗೆ ಬಳುಕುವ ಅಕ್ಷರ, ಗಿರವಿಯಂಗಡಿಗೆ ಗಟ್ಟಿಯಾದ ಅಕ್ಷರ. ಯಂತ್ರದಿಂದ ಮುದ್ರಿಸಿದ ಪ್ಲಾಸ್ಟಿಕ್ ಹಲಗೆಗಳು ಬಂದ ಮೇಲೆ ಕುಂಚದ ಕೆಲಸ ಕುಗ್ಗಿತು. ಈ ನಷ್ಟ ನಿಜವಾದುದೇ. ಆದರೂ ಅದನ್ನೆಲ್ಲ ಒಂದು ಅಕ್ಷರದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಏಕೆಂದರೆ ಆ ಅಕ್ಷರವು ಬಂದುದು ಬಡತನದ ಕಾಲದಲ್ಲಿ. ಕನ್ನಡಕ್ಕೆ ಅಕ್ಷರದ ಬಡತನ ಹೊಸದಲ್ಲ. ೧೮೪೩ರ ಜುಲೈ ೧ರಂದು ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅಲ್ಲಿ ಜೋಡಿಸಲು ಮೊಳೆಗಳಿರಲಿಲ್ಲ; ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆಯಬೇಕಾಯಿತು. ಮರುವರ್ಷ ಅದು 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ಅಚ್ಚಿನ ಮೊಳೆಗಳಿದ್ದ ಊರಿಗೆ ವಲಸೆ ಹೋಯಿತು. ಆ ಊರು ಬಳ್ಳಾರಿ. ೧೮೧೦ರಲ್ಲಿ ಅಲ್ಲಿಗೆ ಬಂದು ನೆಲಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಬೈಬಲನ್ನು ಕನ್ನಡಕ್ಕೆ ತಂದವರು. ಅವರ ಮಿಷನ್ನಿನ ಮುದ್ರಣಾಲಯವೂ ಅಲ್ಲಿತ್ತು. ಕರಾವಳಿಯ ಪತ್ರಿಕೆಯೊಂದು ಘಟ್ಟವನ್ನು ಹತ್ತಿ ಬಿಸಿಲ ನಾಡಿಗೆ ಬಂದುದು ಅಕ್ಷರದ ಮೊಳೆಗಳಿಗಾಗಿ ಎಂಬುದನ್ನು ಬಳ್ಳಾರಿಯವರು ಸ್ವಲ್ಪ ಹೆಮ್ಮೆಯಿಂದಲೇ ನೆನೆಯಬಹುದು.

ಗಣಕಯಂತ್ರದ ಕಾಲಕ್ಕೆ ಇದೇ ಬಡತನ ಬೇರೆ ವೇಷದಲ್ಲಿ ಬಂದಿತು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕನ್ನಡ ಅಕ್ಷರಗಳು ದೊರೆಯುತ್ತಿದ್ದುವು. ಆದರೆ ಹಣ ಕೊಟ್ಟವರಿಗೆ. ಒಂದು ಕಂಪೆನಿಯ ಅಕ್ಷರದಲ್ಲಿ ಬರೆದುದನ್ನು ಮತ್ತೊಂದು ಕಂಪೆನಿಯ ಅಕ್ಷರ ಓದುತ್ತಿರಲಿಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದು ಸಾಮಾನ್ಯರಿಗೆ ಬಾಗಿಲು ತೆರೆಯಿತು. ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಸಿದ್ಧಪಡಿಸಿದ 'ನುಡಿ'ಯು ಎಲ್ಲರಿಗೂ ಉಚಿತವಾಗಿ ದೊರೆಯಿತು. ಅದರ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದುದು: ಕಕಾರದ ಸದ್ದಿರುವ ಇಂಗ್ಲಿಷ್ ಕೀಲಿಯನ್ನು ಒತ್ತಿದರೆ ಕಕಾರ, ಅದನ್ನೇ ದೊಡ್ಡಕ್ಷರವಾಗಿ ಒತ್ತಿದರೆ ಖಕಾರ. ಇದನ್ನು ಕಲಿಯಲು ಒಂದು ವಾರ ಸಾಕು. ಬೆರಳಚ್ಚುಯಂತ್ರಕ್ಕೆ ಹೆದರಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ ಗುಮಾಸ್ತರು ಕನ್ನಡಕ್ಕೆ ಬಂದರು. ಕಸಾಪಕ್ಕೆ ಚಂದಾ ಕೊಡದವನೂ ಕನ್ನಡದ ಸೇವೆ ಮಾಡತೊಡಗಿದ! ಈ ಉಪಕಾರವನ್ನು ಮರೆತು ತಲೆಕಟ್ಟಿನ ಬಾಗನ್ನು ಅಳೆಯಲು ಹೊರಡುವುದು ಹಸಿದವನಿಗೆ ಅನ್ನವಿಟ್ಟವನ ತಟ್ಟೆಯಲ್ಲಿ ಚಿತ್ತಾರವಿಲ್ಲವೆಂದು ದೂರಿದಂತೆ.

ಆದರೆ ಎರಡನೆಯ ದೂರೊಂದುಂಟು. ಅದು ಅಂದದ ಮಾತಲ್ಲವಾದುದರಿಂದ ಅದನ್ನು ಹಗುರವಾಗಿ ತಳ್ಳುವಂತಿಲ್ಲ.

ಹಳೆಯ 'ನುಡಿ'ಯಲ್ಲಿ ಕೊಳಗಲ್ಲು ಎಂದು ಬರೆದು, ಆ ಬರಹವನ್ನು 'ನುಡಿ' ಇಲ್ಲದ ಯಂತ್ರದಲ್ಲಿ ತೆರೆದು ನೋಡಬೇಕು. ಮೊದಲಿಗೆ ಇಂಗ್ಲಿಷಿನ ಪೀ ಅಕ್ಷರ ಕಾಣುತ್ತದೆ. ಅದರ ಹಿಂದೆ ನೆತ್ತಿಯ ಮೇಲೆ ಓರೆಗೀಟು ಹೊತ್ತ ಒಂದು ಈ. ಬಳಿಕ ಏ ಮತ್ತು ಈಗಳನ್ನು ಬೆಸೆದ ಲ್ಯಾಟಿನ್ ಜೋಡಕ್ಷರ. ಊರ ನಡುವಿನ ಳಕಾರವಿರಬೇಕಾದ ಕಡೆ ಭಿನ್ನರಾಶಿಯ 'ಕಾಲು' ಎಂಬ ಗುರುತು, ಅಂದರೆ ನಾಲ್ಕರಲ್ಲಿ ಒಂದು ಪಾಲು! ತಲೆಕಟ್ಟು ಬರುವ ಕಡೆಯಲ್ಲೆಲ್ಲ ಗೀಟು ಹೊತ್ತ ಏ ಅಕ್ಷರ. ಲಕಾರದ ಸ್ಥಾನದಲ್ಲಿ ಔಷಧಿಯ ಸೀಸೆಗಳ ಮೇಲೆ ಕಾಣುವ ನೋಂದಾಯಿತ ವ್ಯಾಪಾರಮುದ್ರೆಯ ವರ್ತುಲ. ಒಟ್ಟು ಹತ್ತು ಚಿಹ್ನೆಗಳ ಈ ಮೆರವಣಿಗೆಯಲ್ಲಿ ಕನ್ನಡದ ಗಂಧವೂ ಇಲ್ಲ. 'ಕನ್ನಡ' ಎಂಬ ಪದವನ್ನೇ ಹೀಗೆ ತೆರೆದರೆ ನಕಾರವಿದ್ದ ಕಡೆ ಬ್ರಿಟಿಷರ ಪೌಂಡಿನ ಗುರುತು ಮೆರೆಯುತ್ತದೆ.

ಈ ಕೀಟಲೆಗೆ ಕಾರಣ ಸರಳವಾದುದು. ಆ ಕಾಲದ ಯಂತ್ರವು ಒಂದು ಅಕ್ಷರಮಾಲೆಗೆ ಕೊಡುತ್ತಿದ್ದುದು ೨೫೬ ಮನೆಗಳನ್ನು ಮಾತ್ರ. ಅವುಗಳಲ್ಲಿಯೂ ಕೆಲವು ಮೀಸಲಾದುವು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದ ಕನ್ನಡದ ಸಂಸಾರ ಅಷ್ಟರಲ್ಲಿ ಹಿಡಿಸುವುದಿಲ್ಲ. ಆದುದರಿಂದ ಅಕ್ಷರಗಳನ್ನು ತುಂಡುಮಾಡಿ, ಒಡಲು ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ ಎಂದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇಡಲಾಯಿತು. ಸೀಸದ ಮೊಳೆ ಜೋಡಿಸುವವನು ಮಾಡುತ್ತಿದ್ದುದೂ ಇದನ್ನೇ. ಅವನಿಗೆ ಬೇಕಾದುದು ಕಣ್ಣಿಗೆ ಸರಿಯಾಗಿ ಕಾಣುವ ಸಾಲು. ಯಾವ ತುಂಡು ಯಾವ ಅಕ್ಷರವೆಂಬುದು ಅವನ ಪೆಟ್ಟಿಗೆಗೆ ತಿಳಿಯಬೇಕಾಗಿರಲಿಲ್ಲ. ಕಾಗದದ ಮೇಲೆ ಅಚ್ಚು ಬಿದ್ದಿತೆಂದರೆ ಕೆಲಸ ಮುಗಿಯಿತು. ಆದರೆ ಗಣಕಯಂತ್ರದಲ್ಲಿ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅಲ್ಲಿ ಬರೆದುದನ್ನು ಹುಡುಕಬೇಕು, ಅಕಾರಾದಿಯಾಗಿ ಜೋಡಿಸಬೇಕು, ಬೇರೆಯವರಿಗೆ ಕಳುಹಿಸಬೇಕು. 'ಲ್ಲು' ಎಂಬಲ್ಲಿ ನಾಲಿಗೆ ಎರಡು ಲಕಾರಗಳನ್ನು ಮುಗಿಸಿ ಉಕಾರಕ್ಕೆ ಬರುತ್ತದೆ. ಹಳೆಯ 'ನುಡಿ' ಲಕಾರ, ಉಕಾರ, ಕಡೆಗೆ ಒತ್ತು ಎಂದು ಕೂಡಿಡುತ್ತದೆ. ಅದು ಕಣ್ಣಿನ ಕ್ರಮ, ನಾಲಿಗೆಯ ಕ್ರಮವಲ್ಲ. ಹೀಗಾಗಿ ಆ ಬರಹವನ್ನು ಯಂತ್ರ ತೋರಿಸಬಲ್ಲುದು. ಅದರಲ್ಲಿ ಏನಿದೆಯೆಂದು ಅರಿಯಲಾರದು.

ಈ ತಾಂತ್ರಿಕ ವಿಷಯದಿಂದ ಗೃಹಸ್ಥರಿಗೆ ಆಗಬೇಕಾದುದೇನೆಂದು ಕೇಳಬಹುದು. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ನಿವೃತ್ತರಾದ ಉಪಾಧ್ಯಾಯರೊಬ್ಬರು ಇರುತ್ತಾರೆ. ಊರಿನ ದೇವಸ್ಥಾನಗಳ ಕಥೆ, ಕೆರೆಗಳ ಹೆಸರು, ಬರಗಾಲಗಳ ನೆನಪು, ಮುದುಕಿಯರ ಬಾಯಿಂದ ಕೇಳಿದ ಹಾಡುಗಳು, ಇವನ್ನೆಲ್ಲ ಹತ್ತಾರು ವರ್ಷ ಕೂಡಿಹಾಕಿ, ಅಂಗಡಿಯ ಹುಡುಗನಿಂದ 'ನುಡಿ'ಯಲ್ಲಿ ಬೆರಳಚ್ಚು ಮಾಡಿಸಿ, ಒಂದು ತಟ್ಟೆಯಲ್ಲಿ ತುಂಬಿಸಿ ಬೀರುವಿನಲ್ಲಿಟ್ಟಿರುತ್ತಾರೆ. ಅವರು ತೀರಿಕೊಂಡ ಬಳಿಕ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮೊಮ್ಮಗಳು ಅದನ್ನು ತೆರೆಯುತ್ತಾಳೆ. ಕಾಣುವುದು ಪೌಂಡು, ಕಾಲು, ಗೀಟು ಹೊತ್ತ ಏ. ತಾತನ ಬರಹ ಕೆಟ್ಟುಹೋಗಿದೆಯೆಂದು ತಿಳಿದು ಆಕೆ ಅದನ್ನು ಎಸೆದರೆ ತಪ್ಪು ಯಾರದು? ಬರಹವೇನೋ ಕೆಟ್ಟಿಲ್ಲ, ಅದರ ಬೀಗದ ಕೈ ಮಾತ್ರ ಕಳೆದಿದೆ. ಟೀಕಾಕಾರರು ಹೇಳುವುದರಲ್ಲಿ ತಥ್ಯವಿರುವುದು ಇಲ್ಲಿ. ಅಕ್ಷರ ಚೆಲುವಾಗಿಲ್ಲದಿದ್ದರೆ ಓದುವವನು ಮೂಗು ಮುರಿದು ಓದಿಯಾನು. ಮಾತು ಅಕ್ಷರಕ್ಕೆ ಅಂಟಿಕೊಂಡುಬಿಟ್ಟರೆ ಅಕ್ಷರ ಹೋದ ದಿನ ಮಾತೂ ಹೋಗುತ್ತದೆ.

ಪರಿಹಾರವು ಆ ಕಾಲದಲ್ಲಿಯೇ ಹುಟ್ಟಿತ್ತೆಂಬುದು ವಿಚಿತ್ರ. ಲೋಕದ ಲಿಪಿಗಳಿಗೆಲ್ಲ ಸ್ವಂತ ಮನೆ ಕೊಡುವ ಯೂನಿಕೋಡ್ ೧೯೯೧ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೇರಿಯನ್ನು ತೆಗೆದಿರಿಸಿತ್ತು. ಅಲ್ಲಿ ಇಡುವುದು ಆಕಾರದ ತುಂಡುಗಳನ್ನಲ್ಲ, ಅಕ್ಷರಗಳನ್ನು. ಕೊಳಗಲ್ಲು ಎಂಬುದು ಉಚ್ಚಾರದ ಕ್ರಮದಲ್ಲಿಯೇ ಎಂಟು ಸಂಕೇತಗಳಾಗಿ ಕೂರುತ್ತದೆ. ಮುಖವನ್ನು ಬೇಕಾದಾಗ ಬದಲಿಸಬಹುದು, ಒಳಗಿನ ಮಾತು ಅಲುಗುವುದಿಲ್ಲ. ಆದರೆ ಸಾಮಾನ್ಯರ ಯಂತ್ರಗಳು ಆ ಕೇರಿಯ ದಾರಿಯನ್ನು ಕಲಿಯಲು ಬಹಳ ಕಾಲ ಹಿಡಿಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಅಕ್ಷರವನ್ನು ಹೊತ್ತು ತರುವ ವೇಳೆಗೆ ಜನ ತಮ್ಮ ಅಕ್ಷರಕ್ಕೆ ಒಗ್ಗಿಹೋಗಿದ್ದರು. ಸರ್ಕಾರವೂ ತರುವಾಯ ಯೂನಿಕೋಡನ್ನೇ ಅಂಗೀಕರಿಸಿತು. 'ನುಡಿ'ಯೂ ಯೂನಿಕೋಡಿಗೆ ಹೊಂದಿಕೊಂಡಿತು. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿ ಕನ್ನಡ ಬರೆಯುವ ಹುಡುಗರಿಗೆ ಈ ಬಾಡಿಗೆಮನೆಯ ಪುರಾಣವೇ ತಿಳಿಯದು. ಆದರೂ ಹಳೆಯ ಸಂಕೇತದ ಬರಹಗಳು ಕಚೇರಿಗಳಲ್ಲಿಯೂ ಪ್ರಕಾಶಕರಲ್ಲಿಯೂ ಮನೆಗಳ ಬೀರುಗಳಲ್ಲಿಯೂ ಉಳಿದಿವೆ. ಅವುಗಳನ್ನು ಹೊಸ ಸಂಕೇತಕ್ಕೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಕೆಲಸ ಕೆಲವು ನಿಮಿಷಗಳದು. ಬೇಕಾಗಿರುವುದು ಇಷ್ಟೇ: ಅದು ಕೆಟ್ಟ ಬರಹವಲ್ಲ, ಕನ್ನಡವೇ ಎಂದು ಗುರುತಿಸುವ ಒಬ್ಬರು. ಪುಟದಲ್ಲಿ ಪೌಂಡು, ಕಾಲುಗಳ ಸಂತೆ ನೆರೆದಿದ್ದರೆ ಅದನ್ನು ಎಸೆಯುವ ಮುನ್ನ ಒಮ್ಮೆ ಪರೀಕ್ಷಿಸುವುದು ಲೇಸು.

ಕೊಳಗಲ್ಲಿನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಕಾಣಿಸುವುದು ಒಂದು ಶಾಸನದಿಂದ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತೀರಿಕೊಂಡು ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿಯನ್ನು ತಿಳಿಸುವ ಆ ಶಾಸನದ ಕಾಲ ಕ್ರಿ. ಶ. ೯೬೭. ಸಾವಿರ ವರ್ಷಕ್ಕೂ ಹಿಂದಿನ ಆ ಅಕ್ಷರಗಳನ್ನು ಊರಿನ ಜನ ಓದಲಾರರು. ಆದರೆ ಅದು ಬರಹವೆಂದು ಬಲ್ಲವರಿದ್ದುದರಿಂದ, ಓದಬಲ್ಲ ವಿದ್ವಾಂಸರು ಬರುವವರೆಗೆ ಕಲ್ಲು ಕಾದುಕೊಂಡಿತು. ಇಪ್ಪತ್ತು ವರ್ಷದ ಹಿಂದಿನ ತಟ್ಟೆ ಕಲ್ಲಿನಷ್ಟು ತಾಳ್ಮೆಯುಳ್ಳದ್ದಲ್ಲ. ಅದರೊಳಗಿನ ಕಾಲನ್ನು ಮತ್ತೆ ಳಕಾರ ಮಾಡುವ ಕೆಲಸವನ್ನು, ಆ ಅಕ್ಷರದ ಗುಟ್ಟು ತಿಳಿದ ಹುಡುಗ ಇನ್ನೂ ಅಂಗಡಿಯಲ್ಲಿ ಕುಳಿತಿರುವಾಗಲೇ ಮಾಡಿಸಿಕೊಳ್ಳಬೇಕು.