ಕ್ಲೌಡ್ಸ್ ಹಿಲ್ಲಿನ ದಾರಿ

ಇಂಗ್ಲೆಂಡಿಗೆ ಹೋದವರು ಲಂಡನ್ನಿನ ಅರಮನೆ, ಸ್ಟ್ರಾಟ್‌ಫರ್ಡಿನಲ್ಲಿ ಷೇಕ್ಸ್‌ಪಿಯರನು ಹುಟ್ಟಿದ ಮನೆ, ಆಕ್ಸ್‌ಫರ್ಡಿನ ವಿದ್ಯಾಪೀಠ ಇವುಗಳನ್ನು ನೋಡಿ ಬರುವುದು ವಾಡಿಕೆ. ಡಾರ್ಸೆಟ್ ಸೀಮೆಯ ಒಂದು ಚಿಕ್ಕ ಮನೆಗಾಗಿ, ಆ ಮನೆಯ ಮುಂದಿನ ಒಂದು ಮೈಲಿಯ ರಸ್ತೆಗಾಗಿ ಒಂದು ಇಡೀ ದಿನವನ್ನು ಮೀಸಲಿಡುವವರು ವಿರಳ. ಆದರೂ ಮೋಟಾರ್ ಸೈಕಲ್ ಏರುವ ಮನುಷ್ಯರೆಲ್ಲರೂ, ಅವರು ಬೆಂಗಳೂರಿನವರಾಗಲಿ ಬೀದರಿನವರಾಗಲಿ, ಈ ರಸ್ತೆಗೆ ಒಂದು ವಿಧದಲ್ಲಿ ಋಣಿಗಳು. ಅದು ಹೇಗೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಬೇಸಗೆಯ ರಜೆಯಲ್ಲಿ ಲಂಡನ್ನಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ ಅಲ್ಲಿಗೆ ಹೋಗುವ ಯೋಗ ನನಗೆ ಒದಗಿತು. ವಾಟರ್ಲೂ ನಿಲ್ದಾಣದಲ್ಲಿ ವೇಮತ್ ಊರಿನ ಗಾಡಿಯನ್ನು ಹಿಡಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ವೂಲ್ ಎಂಬ ಪುಟ್ಟ ನಿಲ್ದಾಣ ಸಿಕ್ಕುತ್ತದೆ. ಥಾಮಸ್ ಹಾರ್ಡಿಯ ಕಾದಂಬರಿಗಳನ್ನು ಓದಿದವರಿಗೆ ಈ ಸೀಮೆ ಅಪರಿಚಿತವಲ್ಲ. ಎತ್ತ ನೋಡಿದರೂ ಕುರುಚಲು ಗಿಡಗಳ ಬಯಲು, ನಡುನಡುವೆ ಪೈನ್ ಮರಗಳ ತೋಪು, ಮೇಲೆ ತಗ್ಗಿ ಬಂದ ಮೋಡ. ವೂಲ್‌ನಿಂದ ಉತ್ತರಕ್ಕೆ ನಡೆದರೆ ಮೊದಲು ಬಾವಿಂಗ್ಟನ್ ಎಂಬ ಸೈನ್ಯದ ಶಿಬಿರ. ಯುದ್ಧದ ಟ್ಯಾಂಕುಗಳ ದೊಡ್ಡ ವಸ್ತುಸಂಗ್ರಹಾಲಯವೂ ಇಲ್ಲಿಯೇ ಇದೆ. ಅಲ್ಲಿಂದ ಮುಂದೆ ಒಂದು ಮೈಲಿ ನಡೆದರೆ ಮರಗಳ ನೆರಳಿನಲ್ಲಿ, ಮೇ ತಿಂಗಳಾದುದರಿಂದ ಅರಳಿ ನಿಂತ ರೋಡೋಡೆಂಡ್ರನ್ ಪೊದೆಗಳ ಮರೆಯಲ್ಲಿ, ಸುಣ್ಣ ಬಳಿದ ಒಂದು ಪುಟ್ಟ ಮನೆ ಕಾಣಿಸುತ್ತದೆ. ಇದೇ ಕ್ಲೌಡ್ಸ್ ಹಿಲ್. ಮೋಡದ ಗುಡ್ಡವೆಂದು ಅದರ ಅರ್ಥ.

'ಅರೇಬಿಯದ ಲಾರೆನ್ಸ್' ಎಂದು ಜಗತ್ತು ಕರೆದ ಟಿ. ಇ. ಲಾರೆನ್ಸ್ ವಾಸಿಸಿದ ಮನೆ ಇದು. ಮೊದಲನೆಯ ಮಹಾಯುದ್ಧದಲ್ಲಿ ಅರಬರೊಡನೆ ಕೂಡಿ ತುರ್ಕರ ವಿರುದ್ಧ ಕಾದಿ, ಕರ್ನಲ್ ಪದವಿಗೇರಿದ ಈತನು ಆಮೇಲೆ ಕೀರ್ತಿಗೆ ಬೇಸತ್ತು, ಹೆಸರು ಬದಲಾಯಿಸಿಕೊಂಡು ಸಾಮಾನ್ಯ ಸಿಪಾಯಿಯಾಗಿ ಸೇರಿದನು. 1923ರಲ್ಲಿ ಬಾವಿಂಗ್ಟನ್ ಶಿಬಿರದಲ್ಲಿದ್ದಾಗ ಈ ಮನೆಯನ್ನು ಬಾಡಿಗೆಗೆ ಹಿಡಿದನು. ಕೆಳಗೆ ಪುಸ್ತಕದ ಕೋಣೆ, ಮೇಲೆ ಸಂಗೀತದ ಕೋಣೆ. ವಿದ್ಯುಚ್ಛಕ್ತಿಯಿಲ್ಲ. ದೊಡ್ಡ ಕಹಳೆಯಂಥ ಬಾಯಿಯ ಗ್ರಾಮಫೋನು, ಚರ್ಮದ ಹಾಸು, ಬೆಂಕಿಗೂಡು. ಸನ್ಯಾಸಿಯ ಮನೆಯಂತೆಯೂ ರಸಿಕನ ಮನೆಯಂತೆಯೂ ಏಕಕಾಲದಲ್ಲಿ ತೋರುವ ಈ ಮನೆಯ ಬಾಗಿಲ ಮೇಲೆ ಲಾರೆನ್ಸ್ ತಾನೇ ಕೆತ್ತಿದ ಗ್ರೀಕ್ ಬರಹವಿದೆ. 'ಚಿಂತೆಯಿಲ್ಲ' ಎಂಬುದು ಅದರ ತಾತ್ಪರ್ಯ. ಹೆರೊಡೋಟಸನು ಹೇಳುವ ಒಂದು ಕಥೆಯಿಂದ ಬಂದ ಮಾತದು. ಮೇಜಿನ ಮೇಲೆ ಕುಣಿದು, ಕೈಗೆ ಬಂದ ಕನ್ಯೆಯನ್ನು ಕಳೆದುಕೊಂಡ ವರನೊಬ್ಬ ಆಡಿದ ಉತ್ತರ.

ಲಾರೆನ್ಸನಿಗೆ ಮೋಟಾರ್ ಸೈಕಲ್ಲಿನ ಮೇಲೆ ಇದ್ದ ಮೋಹ ಸಾಮಾನ್ಯವಲ್ಲ. ಆ ಕಾಲದಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಿದ್ದ ಬ್ರಫ್ ಸುಪೀರಿಯರ್ ಬಂಡಿಗಳನ್ನು ಒಂದಾದ ಮೇಲೊಂದರಂತೆ ಏಳನ್ನು ಕೊಂಡಿದ್ದನು, ಎಂಟನೆಯದು ಸಿದ್ಧವಾಗುತ್ತಲಿತ್ತು. ಏಳನೆಯದು ಗಂಟೆಗೆ 100 ಮೈಲಿ ಓಡಬಲ್ಲ ಯಂತ್ರ. ರಾತ್ರಿಯೆನ್ನದೆ ಮಳೆಯೆನ್ನದೆ ಇಂಗ್ಲೆಂಡಿನ ಉದ್ದಗಲವನ್ನೆಲ್ಲ ಅಂಥ ಬಂಡಿಗಳ ಮೇಲೆ ಸುತ್ತಿ ಬಂದ ಮನುಷ್ಯ, 1935ರ ಮೇ 13ರ ಬೆಳಗ್ಗೆ ಹೊರಟದ್ದು ಬಾವಿಂಗ್ಟನ್ನಿನ ಅಂಚೆ ಕಚೇರಿಗೆ. ಮಿತ್ರನಾದ ಹೆನ್ರಿ ವಿಲಿಯಮ್ಸನ್ ಎಂಬ ಲೇಖಕನನ್ನು ಊಟಕ್ಕೆ ಕರೆಯುವ ತಂತಿ ಕಳುಹಿಸಬೇಕಾಗಿತ್ತು. ತಂತಿ ಕಳುಹಿಸಿದ್ದಾಯಿತು. ಹಿಂದಿರುಗುವಾಗ, ಮನೆಗೆ ಇನ್ನು ಅರ್ಧ ಮೈಲಿಯೂ ಉಳಿದಿಲ್ಲವೆನ್ನುವಾಗ, ರಸ್ತೆಯ ತಗ್ಗಿನಲ್ಲಿ ಬೈಸಿಕಲ್ಲಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರು ಎದುರಾದರು. ಅವರನ್ನು ತಪ್ಪಿಸುವುದಕ್ಕೆಂದು ಬಂಡಿಯನ್ನು ಹೊರಳಿಸಿದನು. ಹಿಡಿಯ ಮೇಲಿಂದ ಹಾರಿ ರಸ್ತೆಗೆ ಬಿದ್ದನು. ಹುಡುಗರು ಉಳಿದರು. ಬರಿದಲೆಯಲ್ಲಿದ್ದ ಲಾರೆನ್ಸ್ ಎಚ್ಚರವಿಲ್ಲದೆ ಆರು ದಿನ ಸೈನ್ಯದ ಆಸ್ಪತ್ರೆಯಲ್ಲಿದ್ದು ಮೇ 19ರಂದು ತೀರಿಕೊಂಡನು. ಆಗ ಅವನಿಗೆ 46 ವರ್ಷ.

ಆ ರಸ್ತೆಯಲ್ಲಿ ನಿಂತು ನೋಡಿದರೆ ಭಯಪಡುವಂಥದೇನೂ ಕಾಣುವುದಿಲ್ಲ. ಘಟ್ಟವಿಲ್ಲ, ಪ್ರಪಾತವಿಲ್ಲ, ಕುರುಡು ತಿರುವಿಲ್ಲ. ಲಾರೆನ್ಸ್ ಅದರ ಮೇಲೆ ಎಷ್ಟು ನೂರು ಸಲ ಹೋಗಿ ಬಂದಿದ್ದನೋ ಲೆಕ್ಕವಿಲ್ಲ. ಅಪಾಯವು ದೂರದ ದಾರಿಯಲ್ಲಿ ಕಾದಿರುತ್ತದೆಂದು ನಂಬಿರುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ತಲೆಯ ರಕ್ಷಣೆಯನ್ನು ಆ ಕಾಲದವರು ಅರಿಯದೆ ಇದ್ದರೆಂದಲ್ಲ. ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದಲ್ಲಿ ವೈದ್ಯನಾಗಿದ್ದ ಎರಿಕ್ ಗಾರ್ಡನರ್ ಎಂಬಾತನು ಬಟ್ಟೆಯನ್ನು ಅರಗಿನಿಂದ ಗಟ್ಟಿಗೊಳಿಸಿ ಶಿರಸ್ತ್ರಾಣಗಳನ್ನು ಮಾಡಿಸಿದ್ದನು. 1914ರಲ್ಲಿಯೇ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯದಲ್ಲಿ ಅವು ಕಡ್ಡಾಯವಾಗಿದ್ದುವು. ಎಂದರೆ, ಲಾರೆನ್ಸ್ ಬೀಳುವುದಕ್ಕೆ 21 ವರ್ಷ ಮುಂಚೆಯೇ ಪಂದ್ಯದಲ್ಲಿ ಓಡುವವನು ಹೆಲ್ಮೆಟ್ ತೊಡಬೇಕೆಂಬ ವಿವೇಕ ಬಂದಿತ್ತು. ಅಂಚೆ ಕಚೇರಿಗೆ ಹೋಗುವವನಿಗೂ ಅದು ಬೇಕೆಂಬ ವಿವೇಕ ಮಾತ್ರ ಬಂದಿರಲಿಲ್ಲ.

ಆ ವಿವೇಕ ಬಂದದ್ದು ಈ ಸಾವಿನ ಬೆನ್ನ ಹಿಂದೆ. ಲಾರೆನ್ಸನ ಹಾಸಿಗೆಯ ಬಳಿಗೆ ಕರೆಸಲ್ಪಟ್ಟ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನಿದ್ದನು. ಆಸ್ಟ್ರೇಲಿಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರುಗಳಿಸಿದವನು. ರೋಗಿಯನ್ನು ಉಳಿಸಲು ಅವನಿಂದಾಗಲಿಲ್ಲ. ಆದರೆ ಆ ಸಾವನ್ನು ಅಲ್ಲಿಗೇ ಬಿಡಲೂ ಆಗಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಸೈನ್ಯದ ಸಂದೇಶವಾಹಕರು ಕತ್ತಲೆಯ ರಸ್ತೆಗಳಲ್ಲಿ ಮೋಟಾರ್ ಸೈಕಲ್ಲುಗಳಿಂದ ಬಿದ್ದು ಸಾಯತೊಡಗಿದರು. ಕೇರ್ನ್ಸ್ ಲೆಕ್ಕ ಹಾಕಿದನು. ಯುದ್ಧಕ್ಕೆ ಮುಂಚಿನ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ಮೋಟಾರ್ ಸೈಕಲ್ ಸವಾರರು ಮತ್ತು ಹಿಂಬದಿಯವರು 1,884 ಮಂದಿ. ಯುದ್ಧದ ಮೊದಲ 21 ತಿಂಗಳಲ್ಲಿ 2,279 ಮಂದಿ. ಅಪಘಾತಕ್ಕೊಳಗಾದ ಸವಾರರಲ್ಲಿ ಹೆಲ್ಮೆಟ್ ಧರಿಸಿದ್ದವರು ಅವನಿಗೆ ಸಿಕ್ಕಿದ್ದು ಏಳೇ ಮಂದಿ, ಆ ಏಳು ಮಂದಿಯೂ ಬದುಕಿದ್ದರು. 1941ರ ಅಕ್ಟೋಬರಿನಲ್ಲಿ ಇದನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ನವೆಂಬರಿನಲ್ಲಿ ಸೈನ್ಯವು ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನ ಸಮಸ್ತ ಸವಾರರಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ಕೇರ್ನ್ಸ್ ಅದಕ್ಕೆ 21 ವರ್ಷ ಮೊದಲೇ ತೀರಿಹೋಗಿದ್ದನು.

ಕ್ಲೌಡ್ಸ್ ಹಿಲ್ಲಿನ ಅಂಗಳದ ಬೆಂಚಿನ ಮೇಲೆ ನಾನು ಕುಳಿತಿದ್ದಾಗ ಅರುವತ್ತರ ಸಮೀಪದ ಗಂಡಹೆಂಡಿರು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದರು. ಅಡಿಯಿಂದ ಮುಡಿಯವರೆಗೆ ಚರ್ಮದ ಉಡುಪು. ಮೊಣಕೈಗೂ ಮೊಣಕಾಲಿಗೂ ಒಳಗೆ ಗಟ್ಟಿಯಾದ ಮೆತ್ತೆ. ಕೈಗವಸು, ಮೀನಖಂಡದವರೆಗೆ ಬರುವ ಬೂಟು, ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟು. ಬಿಸಿಲು ಚೆನ್ನಾಗಿಯೇ ಇತ್ತು. ಬಹಳ ದೂರದಿಂದ ಬಂದಿರಬಹುದೆಂದು ವಿಚಾರಿಸಿದೆ. ಹತ್ತಿರದ ವೇರ್‌ಹ್ಯಾಮ್ ಪಟ್ಟಣದಿಂದಲೇ ಬಂದವರು. ಹತ್ತು ಮೈಲಿಯೂ ಇಲ್ಲ. "ಇಷ್ಟಕ್ಕೆ ಇಷ್ಟೊಂದು ಉಡುಪೇ?" ಎಂದೆ. ಆತ ನಕ್ಕು, "ನಾನು ಎಷ್ಟು ದೂರ ಹೊರಟಿದ್ದೇನೆಂಬುದು ರಸ್ತೆಗೆ ಗೊತ್ತಾಗುವುದಿಲ್ಲವಲ್ಲ" ಎಂದರು. "ಆಗಸ್ಟಿನಲ್ಲಿ ಇವರು ಗೊಣಗುವುದನ್ನು ನೀವು ಕೇಳಬೇಕು" ಎಂದು ಆಕೆ ಸೇರಿಸಿದರು.

ಅಲ್ಲಿಂದ ಮೋರ್ಟನ್ ಗ್ರಾಮದ ಸ್ಮಶಾನಕ್ಕೆ ಸುಮಾರು ಮೂರು ಮೈಲಿ. ಲಾರೆನ್ಸನ ಸಮಾಧಿ ಇರುವುದು ಅಲ್ಲಿ. ನಡೆಯುತ್ತಿರುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಮನಸ್ಸು ನಮ್ಮ ಊರಿಗೆ ಓಡಿತು. ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗನೊಬ್ಬನಿದ್ದ. ಹಳಗನ್ನಡದ ಪದ್ಯವನ್ನು ಅನ್ವಯ ಮಾಡುವುದರಲ್ಲಿ ಅವನಿಗೆ ಸಮನಾದವರಿರಲಿಲ್ಲ. ಕಾಲೇಜಿಗೆ ಹನ್ನೆರಡು ಕಿಲೋಮೀಟರ್ ಬರುವಾಗ ತಪ್ಪದೆ ಹೆಲ್ಮೆಟ್ ಧರಿಸುತ್ತಿದ್ದ. ಒಂದು ಭಾನುವಾರ ಸಂಜೆ ರಾಗಿ ಬೀಸಿಸಿಕೊಂಡು ಬರಲು ಗಿರಣಿಗೆ ಹೊರಟ. ಎರಡು ಫರ್ಲಾಂಗಿನ ದಾರಿ. ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಬಿದ್ದ. ನಾನು ಮಾತಾಡಿಸಲು ಹೋದಾಗ ಅವನ ಹೆಲ್ಮೆಟ್ಟು ಅಡಿಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು. ಅದನ್ನು ತೆಗೆದಿಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಕರ್ಣನು ಕವಚ ಕುಂಡಲಗಳನ್ನು ಕಳಚಿ ಕೊಟ್ಟದ್ದು ಇಂದ್ರನಿಗೆ. ಕೊಡುತ್ತಿರುವುದೇನೆಂಬುದನ್ನು ಅರಿತೇ ಕೊಟ್ಟನು. ನಾವು ಕೇಳುವವರೇ ಇಲ್ಲದಿದ್ದರೂ ಕಳಚಿ ಕೊಡುತ್ತೇವೆ; ಸೆಕೆಗೆ, ಬಾಚಿದ ಕೂದಲಿಗೆ, "ಇಲ್ಲೇ ಹೋಗಿ ಬರುತ್ತೇನೆ" ಎಂಬ ಮಾತಿಗೆ.

ಕಾನೂನು ನಮ್ಮಲ್ಲಿ ಇಲ್ಲದೆ ಇಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 129ನೆಯ ಪ್ರಕರಣ ಶಿರಸ್ತ್ರಾಣವನ್ನು ವಿಧಿಸುತ್ತದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯಲ್ಲಿ ಕೂರುವವರಿಗೂ ಅದನ್ನು ಜಾರಿಗೆ ತಂದರು. 2021ರ ಜೂನ್‌ನಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಹೀಗಿದ್ದೂ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ದ್ವಿಚಕ್ರ ವಾಹನದವರೇ ಶೇಕಡಾ 44.5; ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಪೊಲೀಸರ ಕಣ್ಣಿಗೆಂದು ಪಟ್ಟಿ ಬಿಗಿಯದೆ ತಲೆಯ ಮೇಲೆ ಕವುಚಿಕೊಂಡ ಟೋಪಿ, ಬೀಳುವಾಗ ನಮಗಿಂತ ಮೊದಲು ಹಾರಿಹೋಗುತ್ತದೆ. ಅದೂ ಬರಿದಲೆಯೇ.

ಹಾಗಾದರೆ ಆ ದಂಪತಿಗಳಂತೆ ಸರ್ವರೂ ಸದಾಕಾಲವೂ ಪೂರ್ಣ ಕವಚವನ್ನು ತೊಡಬೇಕೆ? ಇಲ್ಲಿ ಆತುರದ ತೀರ್ಪು ಸಲ್ಲದು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಚರ್ಮದ ಅಂಗಿ ತೊಟ್ಟವನು ಬಿದ್ದು ಸಾಯುವ ಬದಲು ಬೆಂದು ಸತ್ತಾನೆಂಬ ಆಕ್ಷೇಪದಲ್ಲಿ ಸತ್ಯವಿದೆ. ಎರಡು ಕ್ಯಾನು ಹಾಲು ಕಟ್ಟಿಕೊಂಡು ಡೈರಿಗೆ ಹೋಗುವ ರೈತನಿಗೆ, ಮಗುವನ್ನು ಶಾಲೆಗೆ ಬಿಡುವ ಸೀರೆಯುಟ್ಟ ತಾಯಿಗೆ, ಒಂದು ತಿಂಗಳ ಗಳಿಕೆಯಷ್ಟು ಬೆಲೆಯ ಜಾಕೆಟ್ಟನ್ನು ಉಪದೇಶಿಸುವುದು ಉಳ್ಳವರಿಗೆ ಸುಲಭ. ಕವಚ ತೊಟ್ಟವನು ಧೈರ್ಯ ಹೆಚ್ಚಿ ವೇಗ ಹೆಚ್ಚಿಸುತ್ತಾನೆಂಬ ವಾದವೂ ಉಂಟು. ಅಂಥವನಿಗೆ ಕವಚಕ್ಕಿಂತ ಬುದ್ಧಿಯ ಕೊರತೆ ದೊಡ್ಡದು.

ಆದುದರಿಂದ 'ಸದಾ' ಮತ್ತು 'ಪೂರ್ಣ' ಎಂಬ ಎರಡು ಮಾತುಗಳನ್ನು ಬೇರ್ಪಡಿಸಿ ನೋಡುವುದು ಒಳಿತು. 2011ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ಅಪಘಾತಕ್ಕೀಡಾದ 212 ಸವಾರರನ್ನು ಕುರಿತ ಒಂದು ಅಧ್ಯಯನ ಪ್ರಕಟವಾಯಿತು. ಜಾಕೆಟ್ಟು, ಕಾಲುಡುಪು, ಕೈಗವಸು ತೊಟ್ಟವರಲ್ಲಿ ಆಸ್ಪತ್ರೆ ಸೇರಿದವರು ಕಡಿಮೆ; ಚರ್ಮ ಸುಲಿಯುವುದೂ ಮಾಂಸ ಹರಿಯುವುದೂ ಕಡಿಮೆ. ಆದರೆ ಮೂಳೆ ಮುರಿಯುವುದು ತಗ್ಗಿತೆಂದು ಹೇಳುವಂತಿರಲಿಲ್ಲ. ಎಂದರೆ ಉಡುಪು ಉಳಿಸುವುದು ಹೆಚ್ಚಾಗಿ ಚರ್ಮವನ್ನು, ಹೆಲ್ಮೆಟ್ಟು ಉಳಿಸುವುದು ಪ್ರಾಣವನ್ನು. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಸುಮಾರು ಶೇಕಡಾ 42ರಷ್ಟೂ ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇಕಡಾ 69ರಷ್ಟೂ ಇಳಿಯುತ್ತದೆಂದು ಕಂಡಿದ್ದಾರೆ.

ನನ್ನ ಅಭಿಪ್ರಾಯವಿಷ್ಟು. ತಲೆಯ ವಿಚಾರದಲ್ಲಿ 'ಸದಾ' ಎಂಬುದಕ್ಕೆ ವಿನಾಯಿತಿಯಿಲ್ಲ. ಗಿರಣಿಗೂ ಇಲ್ಲ, ಅಂಚೆ ಕಚೇರಿಗೂ ಇಲ್ಲ, ಹಿಂದೆ ಕುಳಿತ ಮಗುವಿಗೂ ಇಲ್ಲ. ಬೀಳುವವನು ಮೊದಲು ಊರುವುದು ಅಂಗೈಯನ್ನು. ಬಂಡಿ ಮೊದಲು ಒರಗುವುದು ಕಾಲಿನ ಮೇಲೆ. ಆದುದರಿಂದ ಕೈಗವಸು ಮತ್ತು ಮುಚ್ಚಿದ ಬೂಟು, ಸಾಮಾನ್ಯ ಸಂಸಾರಿಗೂ ಎಟಕುವ ಇವೆರಡು, ನಿತ್ಯದ ಉಡುಪಾಗಬೇಕು. ಹೆದ್ದಾರಿಯಲ್ಲಿ ಹೋಗುವವರು, ಘಟ್ಟ ಇಳಿಯುವವರು, ವೇಗದ ಬಂಡಿಯನ್ನು ಕೊಳ್ಳಲು ಲಕ್ಷಗಟ್ಟಲೆ ಹಣವುಳ್ಳವರು ಪೂರ್ಣ ಕವಚವನ್ನು ಬಂಡಿಯ ಬೆಲೆಯೊಳಗೇ ಸೇರಿದ್ದೆಂದು ಎಣಿಸಬೇಕು. ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ಟುಗಳು ಈಗ ನಮ್ಮಲ್ಲಿಯೂ ಸಿಕ್ಕುತ್ತವೆ. ಸೆಕೆಯ ನೆವ ಅವರಿಗೆ ಒಪ್ಪುವುದಿಲ್ಲ.

ಮೋರ್ಟನ್ನಿನ ಸ್ಮಶಾನ ಚಿಕ್ಕದು, ಶಾಂತವಾದದ್ದು. ಲಾರೆನ್ಸನ ಶವಸಂಸ್ಕಾರಕ್ಕೆ ಚರ್ಚಿಲ್ ಕೂಡ ಬಂದಿದ್ದನು. ಯಾರೋ ಇಟ್ಟ ಹೂವುಗಳು ಕಲ್ಲಿನ ಬುಡದಲ್ಲಿ ಬಾಡಿದ್ದುವು. ಹೊರಗೆ ರಸ್ತೆಯಲ್ಲಿ ಹದಿನೆಂಟರ ಹುಡುಗನೊಬ್ಬ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿ, ಎದುರುಮನೆಯ ಬಾಗಿಲಲ್ಲಿ ಒಂದು ಪೊಟ್ಟಣವನ್ನು ಕೊಟ್ಟನು. ಮುಂದಿನ ಮನೆ ಐವತ್ತು ಹೆಜ್ಜೆಯ ದೂರದಲ್ಲಿತ್ತು. ಅವನು ಹೆಲ್ಮೆಟ್ಟನ್ನು ಮತ್ತೆ ತಲೆಗೇರಿಸಿ, ಪಟ್ಟಿಯನ್ನು ಬಿಗಿದು, ಹೊರಟನು.